ಟ್ರಂಕಿನ ಕಾಮಿಕ್ಸ್‌ಗೆ ಬೈಂಡಿಂಗ್ ಮಾಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕಾಮಿಕ್ಸ್ ಎಷ್ಟಿದೆಯೋ ಅಷ್ಟೇ ಮೈದಾ ಅಂಟು, ದಾರ, ಹುಳ, ಬೂಸ್ಟು ಕೂಡ ಇದೆ. ಚಿಕ್ಕಂದಿನಿಂದ ಪತ್ರಿಕೆಗಳಿಂದ ಕತ್ತರಿಸಿಟ್ಟ ಕಾಮಿಕ್ ಪುಟಗಳನ್ನೆಲ್ಲ ಹೊಂದಿಸಿ, ಸ್ಕ್ಯಾನ್ ಮಾಡಿ, ಬೈಂಡ್ ಮಾಡಿಸಿದ ಕಥೆ ಇದು. ಹೀಗೆ ಟ್ರಂಕುಗಟ್ಟಲೆ ಇಟ್ಟುಕೊಂಡವನು ನಾನೊಬ್ಬನೇ ಅಲ್ಲ ಅಂತ ಗೊತ್ತು. ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೊಂದು ಗಂಟು ಇದ್ದರೆ ಓದಿ, ಉಪಯೋಗಕ್ಕೆ ಬಂದೀತು.

ಸಾಗರದ ಮನೆಗೆ ಹೆಂಚು ತೆಗೆದು ಹೊಸದು ಹೊದೆಸಬೇಕಾಗಿತ್ತು. ಅಟ್ಟ ಖಾಲಿ ಮಾಡಬೇಕು ಅಂತ ಅಮ್ಮ ಫೋನ್ ಮಾಡಿದ್ದಳು. "ನಿನ್ನ ಆ ಕಾಮಿಕ್ಸ್ ಟ್ರಂಕು ಏನ್ ಮಾಡ್ಲಿ ಹೇಳು ಮಾರಾಯ. ಎತ್ತೋಕೆ ಇಬ್ಬರು ಬೇಕು. ರದ್ದಿಯವನು ಹೆಂಗೂ ಬರ್ತಾನೆ ಈ ವಾರ." ರದ್ದಿಯವನ ಹೆಸರು ಕೇಳಿದ ಮೇಲೆ ಸುಮ್ನೆ ಕೂರೋಕಾಗುತ್ತಾ? ಶುಕ್ರವಾರ ರಾತ್ರಿ ರೈಲು ಹತ್ತಿದೆ.

ಟ್ರಂಕಿನಲ್ಲಿ ಅರ್ಧ ಪುಸ್ತಕಗಳು. ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಚಂದಮಾಮದ ಬಿಡಿ ಸಂಚಿಕೆಗಳು. ಇನ್ನರ್ಧ ಬರೀ ತುಣುಕು. ಸುಧಾ ವಾರಪತ್ರಿಕೆಯಿಂದ ಕಿತ್ತ, ಕಾಡಿನ ಮುಖವಾಡದ ವೀರ ಫ್ಯಾಂಟಮ್ ಪುಟಗಳು, ಅದೇ ಸುಧಾದ ಡಾಬೂ ಅನ್ನೋ ಹುಡುಗನ ಪುಟಗಳು, ಮಾವನ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪೇಪರಿನಿಂದ ಕತ್ತರಿಸಿದ ಜಾದೂಗಾರ ಮ್ಯಾಂಡ್ರೇಕ್ ಪಟ್ಟಿಗಳು, ಅಂದರೆ ಕಾಮಿಕ್ ಸ್ಟ್ರಿಪ್‌ಗಳು. ಪುಸ್ತಕಗಳ ಚಿಂತೆ ನನಗೆ ಅಷ್ಟಿರಲಿಲ್ಲ. ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು, ಅಷ್ಟರಲ್ಲಿ 800ಕ್ಕೂ ಹೆಚ್ಚು ಸಂಚಿಕೆ ಬಂದಿವೆ. ನನ್ನದು ಹಾಳಾದರೂ ಎಲ್ಲೋ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತದೆ. ಅಮರ ಚಿತ್ರ ಕಥೆಯಂತೂ ಈಗಲೂ ಅಂಗಡಿಯಲ್ಲಿ ಸಿಗುತ್ತದೆ. (ಆ ಮಾಲಿಕೆ ಮೊದಲು ಹೊರಟಿದ್ದೇ ಬೆಂಗಳೂರಿನಿಂದ, ಕನ್ನಡದಲ್ಲಿ, 1965ರಲ್ಲಿ, ಜಿ.ಕೆ. ಅನಂತರಾಮ್ ಅನ್ನುವವರ ಯೋಚನೆಯಿಂದ. ಸಿಂಡ್ರೆಲಾ ಥರದ ವಿದೇಶಿ ಕಥೆಗಳೇ ಮೊದಲ ಹತ್ತು. ಅದಕ್ಕೇ ಆ ಮಾಲಿಕೆಯ ಸಂಪಾದಕ ಅನಂತ ಪೈ ಅವರ ಕೃಷ್ಣನಿಗೆ 11ನೇ ನಂಬರು. ಇದನ್ನು ಮುಂಬೈ ಕಡೆಯವರಿಗೆ ಹೇಳುವಾಗ ನನಗೆ ಸ್ವಲ್ಪ ಜಾಸ್ತಿನೇ ಖುಷಿ.)

ತುಣುಕುಗಳ ಕಥೆ ಬೇರೆ. ಪೇಪರಿನ ಕಾಮಿಕ್ ಪಟ್ಟಿ ಅಂದರೆ ಬೆಳಿಗ್ಗೆ ಓದಿ ಮಧ್ಯಾಹ್ನ ಬಜ್ಜಿ ಕಟ್ಟೋ ಸಾಮಾನು. ಅದನ್ನು ಯಾರೂ ಇಟ್ಟಿರುವುದಿಲ್ಲ. ಹಾಗಾಗಿ ಹಾಳಾದರೆ ಹಾಳಾಯಿತು, ಅಷ್ಟೇ. ಮೊದಲು ಇದನ್ನೇ ಹಿಡಿಯೋಣ ಅಂದುಕೊಂಡೆ.

ಟ್ರಂಕು ತೆಗೆದಾಗ ಬಂದಿದ್ದು ನುಸಿಗುಳಿಗೆ ವಾಸನೆ, ಅದರ ಹಿಂದೆಯೇ ಬೂಸ್ಟಿನ ವಾಸನೆ. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಜೂನಿನಿಂದ ಸೆಪ್ಟೆಂಬರ್ ತನಕ ಹೊದೆಯೋ ಕಂಬಳಿಯೂ ಒದ್ದೆ ಅನ್ನಿಸುತ್ತದೆ. ಅಡುಗೆಮನೆಯಲ್ಲಿ ಸೌದೆ ಒಲೆ ಇರೋವಷ್ಟು ದಿನ ಹೊಗೆ ಅಟ್ಟಕ್ಕೆ ಹೋಗಿ ಎಲ್ಲ ಒಣಗಿರುತ್ತಿತ್ತು, ಹುಳದ ಕಾಟ ಕಮ್ಮಿ ಇತ್ತು. ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು. ಪುಟ ಎತ್ತಿದರೆ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳಗಳು ಸರಸರ ಓಡಿದವು. ಅವಕ್ಕೆ ಅಂಟು ಅಂದರೆ ಪ್ರಾಣ. ನೋಟ್ ಬುಕ್ಕಿನಲ್ಲಿ ಅನ್ನದ ಅಗಳು ಹಚ್ಚಿ ಅಂಟಿಸಿದ್ದ ಪುಟಗಳಲ್ಲಿ ಎಲ್ಲೆಲ್ಲಿ ಅಗಳು ಇತ್ತೋ ಅಲ್ಲಲ್ಲೇ ಕೆರೆದು ತಿಂದಿದ್ದವು. ಒಂದು ಪುಟದಲ್ಲಿ ಫ್ಯಾಂಟಮ್ ಇದ್ದಾನೆ, ಕುದುರೆ ಹೀರೋ ಇದೆ, ತೋಳ ಡೆವಿಲ್ ಇರಬೇಕಾದ ಜಾಗದಲ್ಲಿ ತೂತು.

ಹುಳ ಸಾಯಿಸೋಕೆ ಔಷಧಿ ಹೊಡೆಯೋ ಹಾಗಿಲ್ಲ, ಕಾಗದಕ್ಕೆ ಕಲೆ ಆಗುತ್ತದೆ. ಬಿಸಿಲಿಗೆ ಹರಡಿದರೆ ಕಾಗದ ಇನ್ನೂ ಹಳದಿ ಆಗಿ ಮುರುಕಲಾಗುತ್ತದೆ. ಮ್ಯೂಸಿಯಮ್‌ಗಳಲ್ಲಿ ಮಾಡೋದು ಬೇರೆ. ತಣ್ಣಗೆ ಕೊರೆಸಿ ಸಾಯಿಸುತ್ತಾರೆ. ಮನೆ ಫ್ರೀಜರ್ ಮೈನಸ್ 18 ಡಿಗ್ರಿಗೆ ಇಳಿಯುವಂಥದ್ದಾದರೆ ಅದೂ ನಡೆಯುತ್ತದೆ. ಮೊದಲು ನೆರಳಲ್ಲಿ, ಫ್ಯಾನ್ ಕೆಳಗೆ, ಹಳೆ ಪಂಚೆ ಮೇಲೆ ಹರಡಿ ಚೆನ್ನಾಗಿ ಒಣಗಿಸಬೇಕು. ಮೆತ್ತನೆ ಬಣ್ಣದ ಬ್ರಷ್ಷಿನಿಂದ ಬೂಸ್ಟು ಉದುರಿಸಬೇಕು, ಬಾಯಿ ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ. ಆಮೇಲೆ ಕಟ್ಟು ಕಟ್ಟಿ ಪಾಲಿಥಿನ್ ಚೀಲದಲ್ಲಿ ಗಾಳಿ ಆಡದ ಹಾಗೆ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿ ಇಡೋದು. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು. ಒಂದು ದಿನ ಹಾಗೇ ಬಿಡಬೇಕು, ಇಲ್ಲಾಂದ್ರೆ ಹೊರಗಿನ ಗಾಳಿಯ ನೀರೆಲ್ಲ ತಣ್ಣನೆ ಕಾಗದದ ಮೇಲೆ ಕೂರುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಐಸ್‌ಕ್ರೀಮಿಗೆ ಜಾಗ ಇಲ್ಲದೆ ಮಗಳು ಗಲಾಟೆ ಮಾಡಿದಳು. ಹೆಂಡತಿ ಏನೂ ಹೇಳಲಿಲ್ಲ. ಅದೇ ನನಗೆ ಜಾಸ್ತಿ ಭಯ.

ಕಾಗದ ಹೀಗ್ಯಾಕೆ ಆಗುತ್ತದೆ ಅನ್ನೋದನ್ನೂ ಹೇಳಿಬಿಡ್ತೀನಿ. ನ್ಯೂಸ್‌ಪ್ರಿಂಟ್ ಮಾಡೋದು ಮರವನ್ನು ಹಾಗೇ ಅರೆದು. ಮರದಲ್ಲಿರುವ ಲಿಗ್ನಿನ್ ಅನ್ನೋ ಅಂಶವನ್ನು ಪೂರ್ತಿ ತೆಗೆದಿರುವುದಿಲ್ಲ. ಅಗ್ಗವಾಗಬೇಕಲ್ಲ, ಅದಕ್ಕೆ. ಬೆಳಕು, ಗಾಳಿ ತಾಗಿದ ಹಾಗೆ ಆ ಲಿಗ್ನಿನ್ ಹಳದಿಯಾಗುತ್ತದೆ, ಕಾಗದದಲ್ಲಿ ಹುಳಿ ಹುಟ್ಟುತ್ತದೆ, ನಾರು ಮುರಿಯುತ್ತದೆ. ನನ್ನ ಕಟ್ಟಿನಲ್ಲಿ ಒಳಗಿದ್ದ ಪುಟಗಳು ಚೆನ್ನಾಗಿವೆ, ಅಂಚುಗಳು ಮಾತ್ರ ಚಹಾ ಬಣ್ಣ. ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲೇ, ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯಲ್ಲೇ, ನ್ಯೂಸ್‌ಪ್ರಿಂಟ್ ತಯಾರಾಗುತ್ತಿತ್ತು. ನಾವು ಬಸ್ಸಿನಲ್ಲಿ ಆ ಕಡೆ ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಆ ಕಾರ್ಖಾನೆ ಶುರುವಾಗಿದ್ದು 1936ರಲ್ಲಿ. ಫ್ಯಾಂಟಮ್ ಅಮೆರಿಕದ ಪೇಪರುಗಳಲ್ಲಿ ಮೊದಲು ಕಾಣಿಸಿಕೊಂಡಿದ್ದೂ ಅದೇ ವರ್ಷ, ಫೆಬ್ರುವರಿ 17ಕ್ಕೆ. ಒಂದಕ್ಕೊಂದು ಏನೂ ಸಂಬಂಧ ಇಲ್ಲ, ನನಗೆ ಮಾತ್ರ ಇಷ್ಟವಾಯಿತು.

ಇಷ್ಟೆಲ್ಲ ಆದ ಮೇಲೆ ಶುರುವಾಗಿದ್ದು ನಿಜವಾದ ಕೆಲಸ. ಹೊಂದಿಸೋದು.

ಪೂರ್ತಿ ಪುಟ ಕಿತ್ತಿದ್ದರೆ ಮೇಲೆ ಕೆಳಗೆ ಎಲ್ಲೋ ತಾರೀಖು ಇರುತ್ತದೆ. ನಾನು ಹುಡುಗನಾಗಿದ್ದಾಗ ಕತ್ತರಿ ಹಿಡಿದು ಚಿತ್ರದ ಗೆರೆಗೆ ಸರಿಯಾಗಿ, ಅಂದವಾಗಿ ಕತ್ತರಿಸಿದ್ದೇನೆ. ತಾರೀಖು ಯಾರಿಗೆ ಬೇಕಿತ್ತು ಆಗ. ಒಟ್ಟು ರಾಶಿಯನ್ನು ಹಜಾರದಲ್ಲಿ ಹರಡಿ ಕೂತೆ. ಫ್ಯಾಂಟಮ್ ಒಂದು ಕಡೆ, ಮ್ಯಾಂಡ್ರೇಕ್ ಒಂದು ಕಡೆ, ಡಾಬೂ ಒಂದು ಕಡೆ. ಕಥೆ ಕಥೆಯಾಗಿ ಬೇರೆ ಮಾಡೋದು ಸುಲಭ. ಖಳನ ಮುಖ ನೋಡಿದರೆ ಸಾಕು. ಒಂದೇ ಕಥೆಯೊಳಗೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದೂ ಬಹುಪಾಲು ಗೊತ್ತಾಗುತ್ತದೆ. ಆದರೆ ಯಾವ ಕಥೆ ಯಾವ ವರ್ಷದ್ದು, ನಡುವೆ ಎಷ್ಟು ಕಂತು ತಪ್ಪಿದೆ ಅಂತ ಹೇಗೆ ಹೇಳೋದು?

ಮ್ಯಾಂಡ್ರೇಕ್ ಪಟ್ಟಿಗಳಲ್ಲಿ ಒಂದು ಸುಳಿವು ಇತ್ತು. ಅಮೆರಿಕದ ಪಟ್ಟಿಗಳಲ್ಲಿ ಚೌಕದ ಮೂಲೆಯಲ್ಲೋ ಎರಡು ಚೌಕದ ನಡುವೆಯೋ ಇರುವೆ ಗಾತ್ರದ ಅಕ್ಷರದಲ್ಲಿ ತಿಂಗಳು, ತಾರೀಖು ಹಾಕಿರುತ್ತಾರೆ, ಪಕ್ಕದಲ್ಲಿ ಪಟ್ಟಿಗಳನ್ನು ಪೇಪರುಗಳಿಗೆ ಹಂಚೋ ಕಂಪನಿ ಕಿಂಗ್ ಫೀಚರ್ಸ್ ಸಿಂಡಿಕೇಟ್ ಅಂತ ಹೆಸರು, ವರ್ಷ. 3-12 ಅಂತಿದ್ದರೆ ಅದು ಮಾರ್ಚ್ 12, ಡಿಸೆಂಬರ್ 3 ಅಲ್ಲ. ಕೆಲವು ಪಟ್ಟಿಗಳಲ್ಲಿ ಅದು ಉಳಿದಿತ್ತು, ಜಾಸ್ತಿ ಕಡೆ ಅಳಿಸಿಹಾಕಿದ್ದರು. ಉಳಿದಿದ್ದ ಕಡೆಯೂ ಅದು ಅಮೆರಿಕದಲ್ಲಿ ಬಂದ ದಿನ, ನಮ್ಮಲ್ಲಿ ಬಂದ ದಿನ ಅಲ್ಲ. ಕ್ರಮ ಹಿಡಿಯೋಕೆ ಸಾಕು, ನಮ್ಮೂರಿನ ತಾರೀಖು ಹೇಳೋಕೆ ಸಾಲದು.

ಒಂದು ಫ್ಯಾಂಟಮ್ ಪುಟ ಫ್ಯಾನ್ ಗಾಳಿಗೆ ಮಗುಚಿತು. ಹಿಂಬದಿಯಲ್ಲಿ ಗ್ರಹಣ ನೋಡುವಾಗ ಕಣ್ಣು ಜೋಪಾನ ಅನ್ನೋ ಲೇಖನದ ಅರ್ಧ. ಅಂದರೆ 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣ! ಹುಬ್ಬಳ್ಳಿ, ರಾಯಚೂರು ಕಡೆ ಪೂರ್ತಿ ಕತ್ತಲಾಗಿತ್ತಲ್ಲ, ಅದೇ. ನಮ್ಮನ್ನೆಲ್ಲ ಮನೆಯೊಳಗೆ ಕೂಡಿಹಾಕಿ ಬಾಗಿಲು ಹಾಕಿದ್ದರು, ಚೆನ್ನಾಗಿ ನೆನಪಿದೆ. ಆ ಪುಟ ಆ ತಿಂಗಳಿನದೇ ಅಂತ ಒಂದೇ ಏಟಿಗೆ ಗೊತ್ತಾಯಿತು. ಅಲ್ಲಿಂದ ಮುಂದೆ ನಾನು ಎಲ್ಲ ತುಣುಕುಗಳನ್ನು ಬೋರಲು ಹಾಕಿ ಹಿಂಬದಿ ಓದೋಕೆ ಶುರುಮಾಡಿದೆ.

ಇಡೀ ಕೆಲಸದಲ್ಲಿ ಇಷ್ಟು ಮಜಾ ಬೇರೆ ಯಾವುದರಲ್ಲೂ ಸಿಗಲಿಲ್ಲ. ಒಂದು ಮ್ಯಾಂಡ್ರೇಕ್ ಪಟ್ಟಿಯ ಹಿಂದೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ಸುದ್ದಿಯ ಬಾಲ. ಅಲ್ಲಿಗೆ 1983ರ ಜನವರಿ. ಇನ್ನೊಂದರ ಹಿಂದೆ ದೆಹಲಿ ಏಷ್ಯನ್ ಗೇಮ್ಸ್ ಪದಕದ ಪಟ್ಟಿ, ಕಾಲು ಭಾಗ ಮಾತ್ರ. 1982ರ ಕೊನೆ. ಮತ್ತೊಂದರಲ್ಲಿ ಲಾರ್ಡ್ಸ್ ಸ್ಕೋರು, ಶ್ರೀಕಾಂತ್ 38 ಅಂತ ಕಾಣುತ್ತದೆ, ಅಷ್ಟು ಸಾಕಲ್ಲ ನಮ್ಮ ವಯಸ್ಸಿನವರಿಗೆ, 1983ರ ವಿಶ್ವಕಪ್ ಫೈನಲ್ ಅಂತ. ಹೀಗೆ ಗಟ್ಟಿ ತಾರೀಖು ಸಿಕ್ಕ ತುಣುಕುಗಳನ್ನು ಗೂಟದ ಥರ ಇಟ್ಟುಕೊಂಡು ನಡುವಿನವನ್ನು ಕಥೆಯ ಪ್ರಕಾರ ತುಂಬುತ್ತಾ ಬಂದೆ. ಎಚ್‌ಎಂಟಿ ವಾಚಿನ ಜಾಹೀರಾತು, ಲೂನಾ ಜಾಹೀರಾತು ಇಂಥವೂ ಬೇಕಾದಷ್ಟು, ಆದರೆ ಅವು ವರ್ಷಗಟ್ಟಲೆ ಬಂದಿರೋದರಿಂದ ತಾರೀಖಿಗೆ ಉಪಯೋಗ ಇಲ್ಲ. ಸಿನಿಮಾ ಜಾಹೀರಾತು ಸಿಕ್ಕರೆ ಮಾತ್ರ ಹಬ್ಬ. ಯಾವ ಟಾಕೀಸು, ಎಷ್ಟನೇ ವಾರ ಅಂತೆಲ್ಲ ಹಾಕಿರುತ್ತಾರೆ.

ಅಮ್ಮ ಆ ಹೊತ್ತಿಗೆ ಬೆಂಗಳೂರಿಗೆ ಬಂದಿದ್ದಳು. ಒಂದು ತುಣುಕು ಎತ್ತಿಕೊಂಡು ಹಿಂಬದಿಯ ಅಡುಗೆ ಅಂಕಣ ಓದಿದಳು. "ಅಯ್ಯೋ, ಈ ಹಾಗಲಕಾಯಿ ಗೊಜ್ಜು ಮಾಡ್ಬೇಕು ಅಂತ ಆವತ್ತು ಹುಡುಕಿದ್ದೇ ಹುಡುಕಿದ್ದು. ಕತ್ತರಿಸ್ಕೊಂಡು ಹೋಗಿದ್ದು ನೀನೇನಾ?" ಅರ್ಧ ರೆಸಿಪಿ ಮಾತ್ರ ಇತ್ತು. ಒಗ್ಗರಣೆಗೆ ಬರುವಷ್ಟರಲ್ಲಿ ಫ್ಯಾಂಟಮ್‌ನ ಚೌಕ ಮುಗಿದಿತ್ತು.

ಎಲ್ಲ ಸಾಲಾಗಿ ಜೋಡಿಸಿ ಓದಿದ ಮೇಲೆ ಈ ಪಟ್ಟಿಗಳನ್ನು ಕಟ್ಟುವ ರೀತಿ ಕಣ್ಣಿಗೆ ಹೊಡೆಯಿತು. ದಿನದ ಪಟ್ಟಿಯಲ್ಲಿ ಮೂರು ಚೌಕ, ಕೆಲವೊಮ್ಮೆ ಎರಡು. ಮೊದಲನೆಯದು ನಿನ್ನೆ ಏನಾಯಿತು ಅಂತ ಜ್ಞಾಪಿಸುತ್ತದೆ. ಎರಡನೆಯದು ಒಂದು ಹೆಜ್ಜೆ ಮುಂದೆ. ಮೂರನೆಯದು ನಾಳೆಗೆ ಕೊಕ್ಕೆ. ಗನ್ ಹಿಡಿದವನ ಹಿಂದೆ ನೆರಳು, ಬಾಗಿಲ ಸಂದಿಯಲ್ಲಿ ಕೈ, ಹೀಗೇನೋ ಒಂದು. ದಿನಕ್ಕೊಂದು ಓದಿದವನಿಗೆ ಇದು ಗೊತ್ತೇ ಆಗುವುದಿಲ್ಲ. ಒಟ್ಟಿಗೆ ಓದಿದರೆ ಪ್ರತಿ ಮೂರನೇ ಚೌಕಕ್ಕೂ ಎದೆ ಢವ ಅನ್ನಿಸಿ, ಮುಂದಿನ ಚೌಕದಲ್ಲಿ ಮತ್ತೆ ಹಳೆಯದನ್ನೇ ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಸಾಕಪ್ಪಾ ಅನ್ನಿಸುತ್ತದೆ, ನಿಜ ಹೇಳಬೇಕು. ಲೀ ಫಾಕ್ 1934ರಲ್ಲಿ ಮ್ಯಾಂಡ್ರೇಕ್ ಶುರು ಮಾಡಿ, ಎರಡು ವರ್ಷಕ್ಕೆ ಫ್ಯಾಂಟಮ್ ಶುರು ಮಾಡಿ, 1999ರಲ್ಲಿ ಸಾಯುವ ತನಕ ಎರಡಕ್ಕೂ ಕಥೆ ಬರೆದ. ದಿನದ ಪಟ್ಟಿಯ ಕಥೆ ಬೇರೆ, ಭಾನುವಾರದ ಬಣ್ಣದ ಪುಟದ ಕಥೆ ಬೇರೆ. ಅಂದರೆ ಒಟ್ಟಿಗೆ ನಾಲ್ಕು ಕಥೆ ತಲೆಯಲ್ಲಿ ಓಡುತ್ತಿರಬೇಕು! ನನ್ನ ತುಣುಕುಗಳ ಕಾಲದಲ್ಲಿ ಫ್ಯಾಂಟಮ್ ಚಿತ್ರ ಬರೆಯುತ್ತಿದ್ದದ್ದು ಸೈ ಬ್ಯಾರಿ, 1961ರಿಂದ 1994ರ ತನಕ. ಮ್ಯಾಂಡ್ರೇಕ್ ಫ್ರೆಡ್ ಫ್ರೆಡರಿಕ್ಸ್ ಕೈಯಲ್ಲಿತ್ತು. ಸೈ ಬ್ಯಾರಿಯ ಕಾಡು, ಆ ಕಪ್ಪು ನೆರಳು, ಅದರ ಮುಂದೆ ಇವತ್ತಿನ ಎಷ್ಟೋ ಬಣ್ಣದ ಪುಸ್ತಕ ಸಪ್ಪೆ ಅನ್ನೋದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು.

ಇಂದ್ರಜಾಲದವರು ಈ ದಿನದ ಪಟ್ಟಿಗಳನ್ನೇ ಕತ್ತರಿಸಿ ಪುಟವಾಗಿ ಜೋಡಿಸುತ್ತಿದ್ದರು. ನನ್ನ ಹತ್ತಿರ ಒಂದೇ ಮ್ಯಾಂಡ್ರೇಕ್ ಕಥೆ ಎರಡೂ ರೂಪದಲ್ಲಿತ್ತು, ಪಕ್ಕಪಕ್ಕ ಇಟ್ಟು ನೋಡಿದೆ. ಜ್ಞಾಪಿಸೋ ಚೌಕಗಳು ಪುಸ್ತಕದಲ್ಲಿ ಮಾಯ. ಅದು ಸರಿಯೇ. ಆದರೆ ಕೆಲವು ಒಳ್ಳೆ ಚೌಕಗಳೂ ಮಾಯ. ಇನ್ನು ಕೆಲವನ್ನು ಪುಟದ ಅಳತೆಗೆ ಬರಲಿ ಅಂತ ಉದ್ದ ಮಾಡಿದ್ದಾರೆ. ಒಂದು ಚೌಕದ ಮೇಲೆ ಎಕ್ಸ್‌ಟ್ರಾ ಎಲೆಗಳಿವೆ, ಮೂಲ ಪಟ್ಟಿಯಲ್ಲಿ ಅವು ಇಲ್ಲ, ಗೆರೆಯ ದಪ್ಪವೂ ಬೇರೆ. ಮುಂಬೈಯಲ್ಲಿ ಯಾರೋ ಕಲಾವಿದ ಕೂತು ಅಮೆರಿಕದ ಚಿತ್ರಕ್ಕೆ ಸೊಪ್ಪು ಸೇರಿಸಿದ್ದಾನೆ. ಊರಿನ ಹೆಸರೂ ಹಾಗೇ. ಮೂಲದಲ್ಲಿ ಬೆಂಗಾಲಿ ಅಂತ ಇದ್ದ ಫ್ಯಾಂಟಮ್‌ನ ನಾಡು ಇಲ್ಲಿ ಡೆಂಕಾಲಿ ಆಯಿತು.

ಪಾತ್ರಗಳ ಮಾತು ಬರೆಯೋ ಕನ್ನಡ ಬಲೂನುಗಳ ಬಗ್ಗೆ ಹೇಳಲೇಬೇಕು. ಸ್ಕ್ಯಾನ್ ಮಾಡಿ ಪರದೆ ಮೇಲೆ ದೊಡ್ಡದು ಮಾಡಿ ನೋಡಿದಾಗ ಆ ಅಕ್ಷರ ಬರೆದವರಿಗೆ ಕೈ ಮುಗಿಯಬೇಕು ಅನ್ನಿಸಿತು. ಇಂಗ್ಲಿಷ್ ಬಲೂನಿನಲ್ಲಿ ಎಲ್ಲ ದೊಡ್ಡ ಅಕ್ಷರ, ಎಲ್ಲಕ್ಕೂ ಒಂದೇ ಎತ್ತರ, ಸಾಲಿನ ಮೇಲೆ ಸಾಲು ಒತ್ತಿ ಕೂರಿಸಬಹುದು. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. "ಎಚ್ಚರಿಕೆ! ಬೆನ್ನ ಹಿಂದೆ ಶತ್ರು!" ಅಂತ ಬರೆಯಬೇಕಾದರೆ ಚ ಒತ್ತು, ನ ಒತ್ತು, ರ ಒತ್ತು ಮೂರೂ ಕೆಳಗೆ ಇಳಿದು ಮುಂದಿನ ಸಾಲಿನ ತಲೆ ಮೇಲೆ ಕೂರುತ್ತವೆ. ಬಲೂನ್ ಮಾತ್ರ ಇಂಗ್ಲಿಷಿನ ಅಳತೆಯದ್ದೇ. ಹಾಗಾಗಿ ಏನು ಮಾಡಿದ್ದಾರೆ ನೋಡಿ, ಒತ್ತು ಬರೋ ಕಡೆ ಕೆಳಗಿನ ಸಾಲಿನಲ್ಲಿ ಪದಗಳ ನಡುವಿನ ಖಾಲಿ ಜಾಗ ಬರುವ ಹಾಗೆ ಸಾಲು ಮುರಿದಿದ್ದಾರೆ. ಎಲ್ಲ ಕಡೆ ಅಲ್ಲ, ಆದರೆ ಒಂದೆರಡು ಪುಟದಲ್ಲಿ ಬೇಕೆಂದೇ ಮಾಡಿದ್ದು ಅಂತ ಎದ್ದು ಕಾಣುತ್ತದೆ. ಒಂದು ಕಡೆ ಜಾಗ ಸಾಲದೆ ಬಲೂನನ್ನೇ ಬಿಳಿ ಬಳಿದು ಹಿಗ್ಗಿಸಿದ್ದಾರೆ, ಫ್ಯಾಂಟಮ್ ಗೆಳೆಯ ಗುರನ್‌ನ ಹುಲ್ಲಿನ ಟೋಪಿಯ ಅರ್ಧ ಅದರಡಿ ಹೋಗಿದೆ. ಈ ಕೆಲಸ ಮಾಡಿದವರ ಹೆಸರು ಎಲ್ಲೂ ಹಾಕಿಲ್ಲ.

ನಡುವೆ ತಪ್ಪಿದ ಕಂತುಗಳಿಗೆ ಬೇಟೆ ನಡೆಯಿತು. ಅವೆನ್ಯೂ ರೋಡಿನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹರಡುವವರ ಹತ್ತಿರ, ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ. ಪುಸ್ತಕ ಸಿಗುತ್ತದೆ. ಹಳೆ ವಾರಪತ್ರಿಕೆ ಸಿಗೋದು ಅಪರೂಪ, ಸಿಕ್ಕರೂ ದೀಪಾವಳಿ ವಿಶೇಷಾಂಕ, ಯುಗಾದಿ ವಿಶೇಷಾಂಕ ಇಂಥವೇ. ಮಾಮೂಲಿ ವಾರದ ಸಂಚಿಕೆ ಯಾರು ಇಟ್ಟಿರುತ್ತಾರೆ. ಒಂದು ಹಳೆ ಗ್ರಂಥಾಲಯದಲ್ಲಿ ಬೈಂಡ್ ಮಾಡಿದ ಸಂಪುಟಗಳಿವೆ ಅಂತ ಗೊತ್ತಾಗಿ ಓಡಿದೆ. ಅರ್ಜಿ ಬರೆದುಕೊಟ್ಟು, ಕಾದು, ಧೂಳು ಕೊಡವಿ, ಬೇಕಾದ ವರ್ಷ ತೆಗೆದೆ. ನನಗೆ ಬೇಕಿದ್ದ ಪುಟ ಇರಬೇಕಾದ ಕಡೆ ನೀಟಾಗಿ ಬ್ಲೇಡಿನಲ್ಲಿ ಕೊಯ್ದ ಗುರುತು. ಮುಂದಿನ ವಾರದ್ದು ಇಲ್ಲ, ಅದರ ಮುಂದಿನದ್ದೂ ಇಲ್ಲ. ಉಳಿದ ಎಲ್ಲ ಪುಟ ಇದೆ, ವಾರಭವಿಷ್ಯ ಕೂಡ ಇದೆ. ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಏನ್ ಸಾರ್, ಸಿಗ್ಲಿಲ್ವಾ? ಫ್ಯಾಂಟಮ್ ತಾನೆ?" ಅಂದರು. ನನಗಿಂತ ಮೊದಲೇ ಇನ್ನೂ ಕೆಲವರು ಕೇಳಿಕೊಂಡು ಬಂದಿದ್ದರಂತೆ. ಕೊಯ್ದವನ ಮೇಲೆ ಸಿಟ್ಟು ಬಂದಿದ್ದು ನಿಜ. ಅವನ ಮನೆ ಅಟ್ಟದಲ್ಲಿ ಅದು ಇನ್ನೂ ಇದ್ದರೆ ಸಾಕಪ್ಪ ಅಂತಲೂ ಅನ್ನಿಸಿತು.

ಸ್ಕ್ಯಾನಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಬೋರು. ಇಷ್ಟು ಗೊತ್ತಿದ್ದರೆ ಸಾಕು. ಹಳೆ ಅಚ್ಚಿನ ಬಣ್ಣ ಅಂದರೆ ಸಣ್ಣ ಸಣ್ಣ ಚುಕ್ಕಿ. ಭೂತಗನ್ನಡಿ ಹಿಡಿದರೆ ಫ್ಯಾಂಟಮ್‌ನ ನೇರಳೆ ಅಂಗಿ ಕೆಂಪು ಚುಕ್ಕಿ, ನೀಲಿ ಚುಕ್ಕಿ ಅಷ್ಟೇ. ಕಡಿಮೆ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಚುಕ್ಕಿಗಳೂ ಸ್ಕ್ಯಾನರಿನ ಚುಕ್ಕಿಗಳೂ ತಾಳೆಯಾಗದೆ ರೇಷ್ಮೆ ಸೀರೆ ಥರ ಅಲೆ ಅಲೆ ಕಾಣುತ್ತದೆ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಇಟ್ಟರೆ ಆ ಕಾಟ ಕಮ್ಮಿ. ಪುಟದ ಹಿಂದೆ ಕಪ್ಪು ಹಾಳೆ ಇಡಬೇಕು, ಇಲ್ಲಾಂದ್ರೆ ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರ ಮೂಡುತ್ತದೆ. ಒಂದು ಪುಟ ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ ಹತ್ತಿರ ಹತ್ತಿರ 95 ಎಂಬಿ. ಹಾರ್ಡ್ ಡಿಸ್ಕ್ ಬೇರೆಯೇ ತಂದೆ. ಹಿಂಬದಿಗಳನ್ನೂ ಸ್ಕ್ಯಾನ್ ಮಾಡಿದೆ, ಅದನ್ನು ಬಿಡಬೇಡಿ. ಇವನ್ನು ಎಲ್ಲೂ ಹಾಕಿಲ್ಲ, ಕೇಳಬೇಡಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ನನ್ನದು ನಾನು ಓದೋಕೆ ಮಾತ್ರ.

ಕೊನೆಗೆ ಬೈಂಡಿಂಗ್. ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ಕೈಯಲ್ಲೇ ಹೊಲಿಯುವ ಒಬ್ಬ ಹಿರಿಯರು ಸಿಕ್ಕರು. ಕಟ್ಟು ಬಿಚ್ಚಿ ನೋಡಿದವರೇ ಒಂದು ಪುಟವನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿದರು. ಮೂಲೆ ಟಕ್ ಅಂತ ಮುರಿಯಿತು.

"ಇದಕ್ಕೆ ದಬ್ಬಳ ಹಾಕಿದ್ರೆ ಸಾಯ್ತದೆ ಸಾರ್. ಗಾರ್ಡ್ ಹಾಕ್ಬೇಕು."

"ಹಾಕಿ ಯಜಮಾನ್ರೇ, ನಿಧಾನ ಆದ್ರೂ ಪರವಾಗಿಲ್ಲ."

"ನಿಧಾನ ಅಂದ್ರೆ ನಿಧಾನನೇ. ಆಮೇಲೆ ದಿನಾ ಫೋನ್ ಮಾಡ್ಬಾರ್ದು."

ಗಾರ್ಡ್ ಅಂದರೆ ಪ್ರತಿ ಪುಟದ ಒಳ ಅಂಚಿಗೆ ಗಟ್ಟಿ ತೆಳು ಕಾಗದದ ಪಟ್ಟಿ ಅಂಟಿಸೋದು. ಹೊಲಿಗೆ ಆ ಪಟ್ಟಿಗೆ ಬೀಳುತ್ತದೆ, ಹಳೆ ಪುಟಕ್ಕೆ ಸೂಜಿ ತಾಗೋದೇ ಇಲ್ಲ. ಪುಟವೂ ಪೂರ್ತಿ ತೆರೆದುಕೊಳ್ಳುತ್ತದೆ, ಒಳಗಿನ ಚೌಕ ಹೊಲಿಗೆಯಲ್ಲಿ ಮುಚ್ಚಿಹೋಗುವುದಿಲ್ಲ. ಅವರು ಅಂಟು ಮಾಡುವುದನ್ನು ಕೂತು ನೋಡಿದೆ. ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ತಿರುವುತ್ತಾ, ಬಿಳಿ ಬಣ್ಣ ಹೋಗಿ ಗಾಜಿನ ಥರ ಆದಾಗ ಇಳಿಸುತ್ತಾರೆ. ಹುಳ ಬರದಿರಲಿ ಅಂತ ಮಾಮೂಲಿ ಕೆಲಸಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದರಲ್ಲಿರೋ ತಾಮ್ರ ಹಳೆ ಕಾಗದಕ್ಕೆ ಒಳ್ಳೆಯದಲ್ಲ, ನನ್ನ ಪುಟಗಳಿಗೆ ಬೇಡ ಅಂದೆ. "ಹಂಗಾದ್ರೆ ಹುಳ ಬಂದ್ರೆ ನನ್ ಕೇಳ್ಬೇಡಿ" ಅಂದರು. ರಟ್ಟಿಗೆ ಮಾತ್ರ ಮೈಲುತುತ್ತದ ಅಂಟು, ಪುಟಕ್ಕೆ ಸಾದಾ ಅಂಟು ಅಂತ ರಾಜಿ ಆಯಿತು. ಅಂಚು ಕಟಿಂಗ್ ಮಾಡಬಾರದು ಅಂತಲೂ ಹೇಳಿದೆ. ಅದಕ್ಕೆ ಅವರಿಗೆ ಬೇಜಾರು. ಕಟಿಂಗ್ ಇಲ್ಲದ ಪುಸ್ತಕ ಅಂದರೆ ತಲೆ ಬಾಚದ ಮಗು ಇದ್ದ ಹಾಗಂತೆ.

ಇಂದ್ರಜಾಲದ ಪುಸ್ತಕಗಳಿಗೆ ಬೈಂಡಿಂಗ್ ಮಾಡಿಸಲಿಲ್ಲ. ತುಕ್ಕು ಹಿಡಿದ ಪಿನ್ನುಗಳನ್ನು ಮಾತ್ರ ನಾನೇ ತೆಗೆದೆ. ಮೊದಲು ಒಳಗಡೆಯಿಂದ ಕಾಲು ನೆಟ್ಟಗೆ ಮಾಡಿ, ಆಮೇಲೆ ಹೊರಗಿನಿಂದ ಎಳೆಯಬೇಕು. ಹೊರಗಿನಿಂದಲೇ ಕಿತ್ತರೆ ಕವರ್ ಹರಿಯುತ್ತದೆ. ಆಮೇಲೆ ಅದೇ ತೂತಿನಲ್ಲಿ ಹತ್ತಿ ದಾರ ಹಾಕಿ ಗಂಟು. ಟೇಪ್ ಹಚ್ಚಿದ್ದ ಕಡೆ ಏನೂ ಮಾಡೋಕಾಗಲಿಲ್ಲ. ಟೇಪು ಉದುರಿಹೋಗಿದೆ, ಅಂಟು ಮಾತ್ರ ಜೇನಿನ ಬಣ್ಣದಲ್ಲಿ ಕಾಗದದೊಳಗೆ ಇಳಿದು ಕೂತಿದೆ.

ಸಂಪುಟಗಳು ಬಂದವು. ಕೆಂಪು ಕ್ಯಾಲಿಕೊ ಬಟ್ಟೆ, ಬೆನ್ನ ಮೇಲೆ ಫ್ಯಾಂಟಮ್ ಅಂತ ಚಿನ್ನದ ಬಣ್ಣದ ಅಕ್ಷರ. ಯಜಮಾನರು ಹಣ ಎಣಿಸಿಕೊಂಡು, "ಗುರನ್ ಟೋಪಿ ಮೇಲೆ ಬಿಳಿ ಬಳ್ದವ್ರೆ ನೋಡಿದ್ರಾ" ಅಂದರು. ಅಂಟಿಸುವಾಗ ಪೂರ್ತಿ ಓದಿಕೊಂಡೇ ಅಂಟಿಸಿದ್ದಾರೆ. ಮಗಳಿಗೂ ತೋರಿಸಿದೆ. ಅವಳು ಫ್ಯಾಂಟಮ್ ಸ್ವಲ್ಪ ಓದಿ, ಕಾಡಿನ ಜನರೆಲ್ಲ ಯಾವಾಗಲೂ ಒಬ್ಬ ಬಿಳಿಯನ ಮಾತು ಯಾಕೆ ಕೇಳಬೇಕು ಅಂತ ಕೇಳಿದಳು. ಸರಿಯಾದ ಪ್ರಶ್ನೆ. ನನಗೆ ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ, ನನಗೆ ಫ್ಯಾಂಟಮ್ ಹಾಕೋ ತಲೆಬುರುಡೆ ಉಂಗುರ ಸಿಕ್ಕರೆ ಸಾಕಾಗಿತ್ತು. ಡಾಬೂ ಮಾತ್ರ ಒಂದೇ ಪಟ್ಟಿಗೆ ಮುಗಿಸಿ ಪಕ್ಕಕ್ಕಿಟ್ಟಳು. ಹಿಂಬದಿಯ ಜಾಹೀರಾತುಗಳನ್ನು ಮಾತ್ರ ಬಿಡದೆ ನೋಡುತ್ತಾಳೆ.

ಈಗ ಉಳಿದಿರೋದು ಬಿಟ್ಟ ಜಾಗಗಳು. ತಪ್ಪಿದ ಪ್ರತಿ ಕಂತಿಗೂ ಒಂದೊಂದು ಖಾಲಿ ಗಾರ್ಡ್ ಹಾಕಿಸಿದ್ದೇನೆ, ಸಿಕ್ಕರೆ ಅಲ್ಲಿಗೆ ಅಂಟಿಸಬಹುದು. ಜಾಸ್ತಿ ಬೇಕಾಗಿರೋದು ಸುಧಾದ 1982, 83ರ ಫ್ಯಾಂಟಮ್ ಪುಟಗಳು. ಕಥೆ ಗೊತ್ತು, ಇಂಗ್ಲಿಷಿನಲ್ಲಿ ಓದಿದ್ದೇನೆ, ಕನ್ನಡದ ಪುಟ ಬೇಕು. ನಿಮ್ಮ ಮನೆಯಲ್ಲಿ ಇದ್ದರೆ ಕೊಡಬೇಡಿ, ಹರಿಯಲೂ ಬೇಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಟ್ಟರೆ ಸಾಕು. ಹಿಂಬದಿಯದ್ದೂ ಒಂದು ತೆಗೆದುಬಿಡಿ.